ಗಾಂಧಾರ ಎಲ್ಲಿದೆ?

ಆರಭಿ ಮತ್ತು ದೇವಗಾಂಧಾರಿ. ಎರಡಕ್ಕೂ ಆರೋಹಣ ಸ ರಿ ಮ ಪ ದ ಸ. ಅವರೋಹಣ ಸ ನಿ ದ ಪ ಮ ಗ ರಿ ಸ. ಸ್ವರಸ್ಥಾನಗಳೂ ಅವೇ, ಎರಡೂ 29ನೆಯ ಮೇಳ ಧೀರಶಂಕರಾಭರಣದ ಜನ್ಯಗಳೇ. ಪುಸ್ತಕದಲ್ಲಿ ಒಂದರ ಹೆಸರು ಅಳಿಸಿ ಇನ್ನೊಂದರದನ್ನು ಬರೆದಿಟ್ಟರೆ ಯಾರೂ ತಪ್ಪು ಹಿಡಿಯಲಾರರು. ರಾಮನವಮಿಯ ಪೆಂಡಾಲಿನಲ್ಲಾದರೋ ಗಾಯಕಿ ಎರಡು ಸಂಚಾರ ಮುಗಿಸುವುದರೊಳಗೆ ಹಿಂದಿನ ಕುರ್ಚಿಯಲ್ಲಿ ಕೂತ ಅಜ್ಜಿ "ದೇವಗಾಂಧಾರಿ" ಎಂದು ಪಕ್ಕದವರಿಗೆ ಹೇಳಿಯಾಗಿರುತ್ತದೆ. ಶಾಸ್ತ್ರ ಓದಿದವರೇನಲ್ಲ, ಕೇಳಿ ಕೇಳಿ ಬೆಳೆದವರು.

ಬಲ್ಲವರು ಕಾರಣ ಕೊಡುತ್ತಾರೆ. ಆರಭಿಯದು ಚುರುಕು ನಡೆ. ಗಾಂಧಾರ, ನಿಷಾದಗಳು ಬಂದದ್ದೂ ಹೋದದ್ದೂ ತಿಳಿಯದಷ್ಟು ಅಲ್ಪ. ದೇವಗಾಂಧಾರಿ ನಿಧಾನ, ಸ್ವರಗಳನ್ನು ನೀಡಿ, ತೂಗಿ, ಗಮಕದಿಂದ ತುಂಬಿ ಹಾಡಬೇಕು. ಹಾಗಾದರೆ ಒಂದು ರಾಗವನ್ನು ಆ ರಾಗವನ್ನಾಗಿ ಮಾಡುವ ಸಂಗತಿ ಅದರ ಸ್ವರಪಟ್ಟಿಯ ಹೊರಗೆ ಎಲ್ಲೋ ಇದೆ. ಅಲ್ಲಿರುವುದನ್ನು ಹಿಡಿಯಲು ಯಾವ ಸಾಧನ ಬೇಕು? ಹಿಡಿದಾಯಿತು ಎಂದು ಒಬ್ಬರು ಹೇಳಿದಾಗ ಹೌದು ಅನ್ನಬೇಕಾದವರು ಯಾರು?

*

ಸ್ವರಪಟ್ಟಿಯ ವಿಧಾನವನ್ನು ಹಗುರವಾಗಿ ನೋಡುವಂತಿಲ್ಲ. ಅದರ ಹಿಂದೆ ಎಷ್ಟೊಂದು ಕನ್ನಡ ನೆಲದ ತಲೆಗಳಿವೆ! ವಿಜಯನಗರದ ರಾಮಾಮಾತ್ಯ 1550ರಲ್ಲಿ 'ಸ್ವರಮೇಳಕಲಾನಿಧಿ' ಬರೆದ. ಅಲ್ಲಿಂದ ಮುಂದೆ ಹದಿನೇಳನೆಯ ಶತಮಾನದಲ್ಲಿ, ತಂಜಾವೂರಿನಲ್ಲಿ, ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ 'ಚತುರ್ದಂಡೀ ಪ್ರಕಾಶಿಕೆ'ಯಲ್ಲಿ 72 ಮೇಳಗಳ ಲೆಕ್ಕ ಹಾಕಿದ. ಲೆಕ್ಕ ಸರಳ. ಸ, ಪ ಸ್ಥಿರ. ರಿ-ಗ ಜೋಡಿಗೆ ಆರು ಬಗೆ, ದ-ನಿ ಜೋಡಿಗೆ ಆರು ಬಗೆ, ಆರಾರ್ಲಿ 36. ಮಧ್ಯಮ ಎರಡು, ಆದ್ದರಿಂದ 72. ಮುಂದೆ ಅಕ್ಷರಕ್ಕೊಂದು ಅಂಕೆ ಕೊಡುವ ಕಟಪಯಾದಿ ಸೂತ್ರದಂತೆ ಹೆಸರುಗಳು ಬಂದವು. ಮಾಯಾಮಾಳವಗೌಳದ 'ಮಾ' 5, 'ಯಾ' 1. ತಿರುಗಿಸಿ ಓದಿದರೆ 15. ಮೇಚಕಲ್ಯಾಣಿಯ 'ಮೇ' 5, 'ಚ' 6, 65ನೆಯ ಮೇಳ.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದ ವಿಷಯ ಬೇರೆ. 72 ಸಾಧ್ಯ ಎಂದು ತೋರಿಸಿದ ಆ ಮನುಷ್ಯನೇ ತನ್ನ ಕಾಲದಲ್ಲಿ ಬಳಕೆಯಲ್ಲಿರುವುದು 19 ಮಾತ್ರ ಎಂದೂ ಬರೆದ. ಅಂದರೆ 53 ಕೋಣೆಗಳನ್ನು ಖಾಲಿ ಬಿಟ್ಟೇ ಕಟ್ಟಿದ. ಮುಂದಿನ ಶತಮಾನಗಳ ವಾಗ್ಗೇಯಕಾರರು ಆ ಖಾಲಿ ಕೋಣೆಗಳಿಗೆ ಹೋಗಿ ಹಾಡಿದರು. ಇರುವ ಸಂಗೀತವನ್ನು ವಿಂಗಡಿಸಲು ಹುಟ್ಟಿದ ಕ್ರಮ ಇಲ್ಲದ ಸಂಗೀತವನ್ನು ಹುಟ್ಟಿಸಿತು. ವಿಶ್ಲೇಷಣೆ ಎಂದರೆ ಆದದ್ದನ್ನು ಬಿಡಿಸಿ ನೋಡುವುದು ಎಂದುಕೊಂಡವರಿಗೆ ಇದು ಒಗಟು.

*

ಹಿಂದುಸ್ತಾನಿ ಸಂಗೀತಶಾಸ್ತ್ರಜ್ಞ ಭಾತಖಂಡೆಯವರು 1904ರಲ್ಲಿ ದಕ್ಷಿಣಕ್ಕೆ ಬಂದರು. ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡರು. ಮೇಳಪದ್ಧತಿಯ ಎಳೆ ಹಿಡಿದು ಹಿಂದುಸ್ತಾನಿ ರಾಗಗಳನ್ನು ಹತ್ತು ಥಾಟುಗಳಲ್ಲಿ ಜೋಡಿಸಿದರು. ಭೂಪ ಮತ್ತು ದೇಸ್ಕಾರಗಳನ್ನು ಅವರು ಇಟ್ಟ ಜಾಗ ನೋಡಿ. ಎರಡರಲ್ಲೂ ಸ ರಿ ಗ ಪ ದ, ಅವೇ ಐದು ಸ್ವರ. ಭೂಪ ಕಲ್ಯಾಣ ಥಾಟಿಗೆ ಹೋಯಿತು, ದೇಸ್ಕಾರ ಬಿಲಾವಲಕ್ಕೆ. ಈ ಎರಡು ಥಾಟುಗಳನ್ನು ಬೇರ್ಪಡಿಸುವುದು ಒಂದೇ ಒಂದು ಸ್ವರ, ಮಧ್ಯಮ. ಆ ಮಧ್ಯಮ ಎರಡೂ ರಾಗಗಳಲ್ಲಿ ಇಲ್ಲವೇ ಇಲ್ಲ!

ಸ್ವರ ನೋಡಿ ವಿಂಗಡಿಸುವ ಕ್ರಮ ಇಲ್ಲದ ಸ್ವರದ ಮೇಲೆ ತೀರ್ಪು ಕೊಟ್ಟಿದೆ. ಭಾತಖಂಡೆ ಅಷ್ಟು ಗಮನವಿಲ್ಲದವರಲ್ಲ. ಭೂಪದ ಜೀವ ಗಾಂಧಾರದಲ್ಲಿ, ಕೆಳ ಮತ್ತು ನಡುವಿನ ಸ್ವರಗಳಲ್ಲಿ. ದೇಸ್ಕಾರದ್ದು ಧೈವತದಲ್ಲಿ, ಮೇಲಿನ ಅರ್ಧದಲ್ಲಿ. ಒಂದರ ನಡಿಗೆ ಕಲ್ಯಾಣದ ಬಳಗದ್ದು, ಇನ್ನೊಂದರದ್ದು ಬಿಲಾವಲದ್ದು. ಅವರ ಕಿವಿ ತೀರ್ಮಾನ ಮಾಡಿತು, ಪಟ್ಟಿ ಅದಕ್ಕೆ ಜಾಗ ಕೊಟ್ಟಿತು. ಮಾರವಾ, ಪೂರಿಯಾ, ಸೋಹನಿ ಈ ಮೂರರದೂ ಇದೇ ಕಥೆ. ಸ್ವರ ಆರೂ ಅವೇ. ಎಲ್ಲಿ ನಿಲ್ಲುತ್ತೀರಿ, ಯಾವ ಸ್ಥಾಯಿಯಲ್ಲಿ ಓಡಾಡುತ್ತೀರಿ ಎಂಬುದೇ ರಾಗ.

1984ರಲ್ಲಿ ಕ್ಯಾಸ್ಟೆಲಾನೋ, ಭರೂಚಾ, ಕ್ರುಮ್‌ಹಾನ್ಸ್‌ಲ್ ಎಂಬ ಮೂವರು ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಹತ್ತು ಉತ್ತರಾದಿ ರಾಗಗಳ ತುಣುಕು ಕೇಳಿಸಿ, ಕೊನೆಯಲ್ಲಿ ಒಂಟಿ ಸ್ವರ ನುಡಿಸಿ, 'ಇದು ಎಷ್ಟು ಹೊಂದುತ್ತದೆ' ಎಂದು ಕೇಳುವುದು. ಭಾರತೀಯ ಕೇಳುಗರು, ಪಾಶ್ಚಾತ್ಯ ಕೇಳುಗರು ಇಬ್ಬರೂ ಮುಖ್ಯ ಸ್ವರಗಳನ್ನು ಗುರುತಿಸಿದರು. ತುಣುಕಿನಲ್ಲಿ ಯಾವ ಸ್ವರ ಹೆಚ್ಚು ಹೊತ್ತು ಕೇಳಿತೋ ಅದು ಮುಖ್ಯ. ಇದಕ್ಕೆ ಸಂಸ್ಕಾರ ಬೇಡ, ಕಿವಿ ಸಾಕು. ಥಾಟಿನ ಸ್ವರಗಳ ನೆನಪು ಭಾರತೀಯ ಕೇಳುಗರ ಉತ್ತರಗಳಲ್ಲಿ ಮಾತ್ರವೇ ಕಂಡಿತು. ಇಲ್ಲದ ಮಧ್ಯಮದ ಒಗಟಿಗೆ ಅರ್ಧ ಉತ್ತರ ಇಲ್ಲಿದೆ ಎಂದು ನನಗನ್ನಿಸುತ್ತದೆ. ಕೇಳಿ ಬೆಳೆದವರು ನುಡಿಸದ ಸ್ವರಗಳನ್ನೂ ಸೇರಿಸಿಕೊಂಡು ಕೇಳುತ್ತಾರೆ.

*

ಭರತನ ಎರಡು ವೀಣೆಗಳು. 'ನಾಟ್ಯಶಾಸ್ತ್ರ'ದ ಈ ಭಾಗವನ್ನು ಓದಿದಾಗಲೆಲ್ಲ ಹೊಸದಾಗಿ ಬೆರಗು.

ಎರಡು ವೀಣೆಗಳನ್ನು ಒಂದೇ ಶ್ರುತಿಗೆ ಕೂಡಿಸು. ಒಂದನ್ನು ಮುಟ್ಟಬೇಡ. ಇನ್ನೊಂದರ ಪಂಚಮವನ್ನು ಒಂದು ಶ್ರುತಿ ಇಳಿಸು, ಉಳಿದ ತಂತಿಗಳನ್ನೂ ಅದಕ್ಕೆ ತಕ್ಕಂತೆ ಇಳಿಸು. ಈಗ ಎರಡೂ ಎಲ್ಲಿಯೂ ಕೂಡುವುದಿಲ್ಲ. ಮತ್ತೊಂದು ಸಲ ಇಳಿಸು: ಇಳಿಸಿದ ವೀಣೆಯ ಗಾಂಧಾರ, ನಿಷಾದಗಳು ಮುಟ್ಟದ ವೀಣೆಯ ರಿಷಭ, ಧೈವತಗಳಲ್ಲಿ ಹೋಗಿ ಸೇರುತ್ತವೆ. ಆದ್ದರಿಂದ ಅವು ಎರಡೆರಡು ಶ್ರುತಿಯ ಸ್ವರಗಳು. ಮೂರನೆಯ ಸಲ ಇಳಿಸಿದರೆ ರಿಷಭ, ಧೈವತಗಳು ಷಡ್ಜ, ಪಂಚಮಗಳಲ್ಲಿ. ಅವಕ್ಕೆ ಮೂರು ಮೂರು. ನಾಲ್ಕನೆಯ ಸಲ ಪಂಚಮ, ಮಧ್ಯಮ, ಷಡ್ಜಗಳು ತಮ್ಮ ಕೆಳಗಿನವುಗಳಲ್ಲಿ. ಅವಕ್ಕೆ ನಾಲ್ಕು ನಾಲ್ಕು. ಕೂಡಿಸಿ: 4, 6, 12. ಒಟ್ಟು 22.

ಎಲ್ಲಿಯೂ ಅಳತೆಗೋಲಿಲ್ಲ. ಒಂದು ಸ್ವರ ಇನ್ನೊಂದರಲ್ಲಿ ಲೀನವಾಯಿತೇ ಇಲ್ಲವೇ ಎಂದು ಹೇಳುವುದು ಕಿವಿ. ಪ್ರತಿ ಹಂತದಲ್ಲೂ ತಂತಿಯೇ ಸಾಕ್ಷಿ. ಒಂದೊಂದು ಶ್ರುತಿ ಎಷ್ಟು ದೊಡ್ಡದು ಎಂಬ ಪ್ರಶ್ನೆಯನ್ನು ಭರತ ಸಂಖ್ಯೆಯಲ್ಲಿ ಎತ್ತುವುದೇ ಇಲ್ಲ.

ಆ ಪ್ರಶ್ನೆ ಎತ್ತಿದವರು ಬಹಳ ತಡವಾಗಿ ಬಂದರು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ 1910ರ ಹೊತ್ತಿಗೆ 22 ಶ್ರುತಿಗಳಿಗೂ ಕಂಪನ ಸಂಖ್ಯೆ ಕೊಟ್ಟು ಪುಸ್ತಕ ಬರೆದರು. ಆಂಗ್ಲ ಅಧಿಕಾರಿ ಕ್ಲೆಮೆಂಟ್ಸ್ ಜೊತೆಗೂಡಿದರು. 22 ಶ್ರುತಿ ನುಡಿಸುವ ಹಾರ್ಮೋನಿಯಂ ತಯಾರಾಯಿತು. ದೇವಲರಿಗೆ ಹಾಡಿ ತೋರಿಸಿದವರು ಕಿರಾನಾದ ಅಬ್ದುಲ್ ಕರೀಂ ಖಾನರು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಅವರ ಮೂಲಕ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಹರಿದ ಆ ಸ್ವರಶುದ್ಧಿಯ ಮೂಲ. ಅಳೆಯಲು ಇದಕ್ಕಿಂತ ಒಳ್ಳೆಯ ಕಂಠ ಸಿಗಲಾರದು. 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಶ್ರುತಿಯ ಚರ್ಚೆ ಬಿಸಿಯಾಗಿಯೇ ನಡೆಯಿತು, ಭಾತಖಂಡೆಯವರು ಈ ಲೆಕ್ಕವನ್ನು ಒಪ್ಪಲಿಲ್ಲ.

ದಶಕಗಳ ನಂತರ, 1963ರಲ್ಲಿ, ಜೈರಾಜ್‌ಭಾಯ್ ಮತ್ತು ಸ್ಟೋನ್ ಧ್ವನಿಮುದ್ರಿಕೆಗಳ ಸ್ವರಗಳನ್ನು ಯಂತ್ರದಿಂದ ಅಳೆದರು. ಒಂದೇ ಹೆಸರಿನ ಸ್ವರ ಕಲಾವಿದರಿಂದ ಕಲಾವಿದರಿಗೆ ಬೇರೆ. ಒಬ್ಬರ ಒಂದೇ ವಾದನದೊಳಗೂ ಅದು ಒಂದೇ ಕಡೆ ಇರುವುದಿಲ್ಲ. ಹಾಗೆಂದು ಅಬ್ದುಲ್ ಕರೀಂ ಖಾನರ ಗಾಂಧಾರ ಕೇಳಿ ಕಣ್ಣೀರು ಹಾಕಿದವರು ಮೋಸ ಹೋದರೇ? ಖಂಡಿತ ಇಲ್ಲ. ಆ ಗಾಂಧಾರ ಸರಿಯಾಗಿಯೇ ಇತ್ತು. ಆ ಕ್ಷಣಕ್ಕೆ, ಹಿಂದಿನ ಸ್ವರಕ್ಕೆ, ತಂಬೂರಿಯ ಆ ಮೀಟಿಗೆ ಸರಿಯಾಗಿ. ಸರಿ ಎಂಬುದಕ್ಕೆ ವಿಳಾಸ ಒಂದೇ ಇರಬೇಕು ಎಂದು ಹಾರ್ಮೋನಿಯಂ ಕೇಳಿತು. ಅದು ಗಾಯನದೊಳಗಿಂದ ಹುಟ್ಟಿದ ಪ್ರಶ್ನೆಯಾಗಿರಲಿಲ್ಲ.

*

ಅಲೆಕ್ಸಾಂಡರ್ ಎಲ್ಲಿಸ್. 1885ರಲ್ಲಿ ಲಂಡನ್ನಿನಲ್ಲಿ ನಾನಾ ದೇಶಗಳ ಸ್ವರಶ್ರೇಣಿಗಳ ಬಗ್ಗೆ ಪ್ರಬಂಧ ಮಂಡಿಸಿದ. ಸ್ಥಾಯಿಯನ್ನು 1200 ಭಾಗ ಮಾಡಿ ಒಂದೊಂದಕ್ಕೂ ಸೆಂಟ್ ಎಂದು ಹೆಸರಿಟ್ಟ. ಯಾವ ಜನರ ಸಂಗೀತವನ್ನೂ ಪಿಯಾನೋದ ಮಾದರಿಗೆ ಎಳೆಯದೆ ಅಳೆಯುವ ಮಾನದಂಡ ಅದು. ಅಳತೆಗೆ ತನ್ನ ಕಿವಿ ಸಾಲದು ಎಂದು ಪಿಯಾನೋ ತಜ್ಞ ಹಿಪ್‌ಕಿನ್ಸನ ಕಿವಿಯನ್ನು ನೆಚ್ಚಿದ. ಪ್ರಕೃತಿದತ್ತವಾದ ಒಂದೇ ಸ್ವರಶ್ರೇಣಿ ಎಂಬುದಿಲ್ಲ, ಮನುಷ್ಯರು ಬಗೆಬಗೆಯಾಗಿ ಮಾಡಿಕೊಂಡಿದ್ದಾರೆ ಎಂಬ ತೀರ್ಮಾನಕ್ಕೆ ಬಂದ. ಸಾಮ್ರಾಜ್ಯದ ನಡುಹಗಲಿನಲ್ಲಿ ಲಂಡನ್ನಿನಲ್ಲಿ ನಿಂತು ಹಾಗೆ ಹೇಳಲು ಎದೆ ಬೇಕಿತ್ತು.

ಆ ಮಾನದಂಡಕ್ಕೂ ಒಂದು ಮಿತಿಯಿದೆ. ಅದು ಕಾಣುವುದು ಬಾಲಿ ದ್ವೀಪದಲ್ಲಿ.

ಬಾಲಿಯ ಗಮೆಲಾನ್ ಮೇಳದಲ್ಲಿ ಕಂಚಿನ ಪಟ್ಟಿವಾದ್ಯಗಳು ಜೋಡಿ ಜೋಡಿಯಾಗಿರುತ್ತವೆ. ಜೋಡಿಯಲ್ಲಿ ಒಂದನ್ನು ಬೇಕೆಂದೇ ಕೊಂಚ ತಗ್ಗಿಸಿ ಶ್ರುತಿ ಮಾಡುತ್ತಾರೆ. ಎರಡನ್ನೂ ಒಟ್ಟಿಗೆ ಬಾರಿಸಿದರೆ ನಾದ ಅಲೆಅಲೆಯಾಗಿ ಮಿಡಿಯುತ್ತದೆ. ಆ ಮಿಡಿತಕ್ಕೆ ಅಲ್ಲಿಯವರು ಓಂಬಾಕ್ ಅನ್ನುತ್ತಾರೆ. ಓಂಬಾಕ್ ಇಲ್ಲದ ಮೇಳ ಅವರ ಕಿವಿಗೆ ಜೀವವಿಲ್ಲದ್ದು. ಈಗ ಸೆಂಟಿನಲ್ಲಿ ಅಳೆಯೋಣ. ಸೆಕೆಂಡಿಗೆ ಏಳು ಮಿಡಿತ ಬರಬೇಕಾದರೆ 200 ಕಂಪನದ ಕೆಳಸ್ವರದಲ್ಲಿ ಜೋಡಿಯ ಅಂತರ ಸುಮಾರು 60 ಸೆಂಟ್. ಅದೇ ಏಳು ಮಿಡಿತಕ್ಕೆ 800 ಕಂಪನದ ಮೇಲುಸ್ವರದಲ್ಲಿ 15 ಸೆಂಟ್ ಸಾಕು. ಅಳತೆಯ ಪಟ್ಟಿ ನೋಡಿದವರು ಏನಂದಾರು? ಕೆಳಗೆ ಇಷ್ಟು ಅಪಶ್ರುತಿ, ಮೇಲೆ ಇಷ್ಟೇ; ಏನೂ ಕ್ರಮವಿಲ್ಲ, ಕುಲುಮೆಯವನ ಕೈ ಅಳತೆ ಎಂದಾರು. ಕ್ರಮ ಕಟ್ಟುನಿಟ್ಟಾಗಿಯೇ ಇದೆ, ಮಿಡಿತದ ವೇಗದಲ್ಲಿ. ಕುಲುಮೆಯವನು ಅಂತರವನ್ನು ಕೇಳುತ್ತಿಲ್ಲ, ಅಲೆಯನ್ನು ಕೇಳುತ್ತಿದ್ದಾನೆ.

ಅಳತೆ ತಪ್ಪಾಗಿರಲಿಲ್ಲ. ಮಾನ ಬೇರೆಯದಾಗಿತ್ತು, ಅಷ್ಟರಿಂದಲೇ ಒಂದು ಜನಾಂಗದ ಶ್ರುತಿಜ್ಞಾನ ಕಣ್ಣಿಗೆ ಬೀಳದೆ ಹೋಗಬಹುದು. ಇದು ನನ್ನನ್ನು ಬಹಳ ದಿನ ಕಾಡಿತು.

*

ಶೆಂಕರ್, ವಿಯೆನ್ನಾದ ಸಂಗೀತ ವಿಶ್ಲೇಷಕ. ಬಾಖ್, ಬೀಥೋವನ್, ಬ್ರಾಮ್ಸ್‌ರ ಕೃತಿಗಳನ್ನು ಪದರ ಪದರವಾಗಿ ಬಿಡಿಸುತ್ತಾ ಹೋಗಿ, ಅತಿ ಆಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಸ್ವರರೇಖೆ, ಅದರ ಕೆಳಗೆ ಹೊರಟು ಹೋಗಿ ಮರಳುವ ಒಂದು ಆಧಾರಸ್ವರ, ಇಷ್ಟೇ ಉಳಿಯುತ್ತದೆ ಎಂದು ತೋರಿಸಿದ. ಅವನ ನಕಾಶೆ ಹಿಡಿದು ಬೀಥೋವನ್ ಕೇಳಿದರೆ ಅರ್ಧ ಗಂಟೆಯ ಕೃತಿ ಒಂದೇ ಉಸಿರಿನಂತೆ ಭಾಸವಾಗುವುದು ನಿಜ. 1926ರಲ್ಲಿ ಅದೇ ಸಾಧನವನ್ನು ಸ್ಟ್ರಾವಿನ್‌ಸ್ಕಿಯ ಪಿಯಾನೋ ಕಾನ್ಸರ್ಟೋದ ತುಣುಕಿಗೆ ಹಚ್ಚಿದ. ಸಾಧನ ಕೂಡಿಬರಲಿಲ್ಲ. ಆ ಸಂಗೀತವೇ ಕೆಟ್ಟದ್ದು ಎಂದು ಬರೆದ.

*

ತೋಡಿಯ ಗಾಂಧಾರ.

ಪುಸ್ತಕ ಹೇಳುವುದು ಸಾಧಾರಣ ಗಾಂಧಾರ. ಷಡ್ಜದಿಂದ ಸುಮಾರು 300 ಸೆಂಟ್. ವಿದ್ವಾಂಸರು ಹಾಡಿದ ತೋಡಿಯ ಧ್ವನಿಮುದ್ರಣವನ್ನು ಗಣಕಕ್ಕೆ ಕೊಟ್ಟರೆ ಅದು ಧ್ವನಿಯ ಏರಿಳಿತವನ್ನು ಗೆರೆಯಾಗಿ ಬರೆಯುತ್ತದೆ. ಆ ಗೆರೆಯಲ್ಲಿ 300ರ ಬಳಿ ನಿಂತ ಸ್ವರ ಸಿಗುವುದು ಅಪರೂಪ. ಗಾಂಧಾರ ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ಓಲಾಡುತ್ತಿರುತ್ತದೆ. ಉಯ್ಯಾಲೆ ಎರಡು ತುದಿಗಳಲ್ಲಿ ತಡೆದು ನಡುವೆ ಸರ್ರನೆ ಹಾಯುವಂತೆ, ಧ್ವನಿಯೂ ಹೆಚ್ಚು ಹೊತ್ತು ಇರುವುದು ತಿರುವುಗಳಲ್ಲಿ. ಯಾವ ಸ್ಥಾನದಲ್ಲಿ ಎಷ್ಟು ಹೊತ್ತು ಎಂದು ಎಣಿಸಿ ನಕ್ಷೆ ಮಾಡಿದರೆ ಶಿಖರಗಳು ಅಕ್ಕಪಕ್ಕದಲ್ಲಿ ಏಳುತ್ತವೆ, ಗಾಂಧಾರ ಎಂದು ಹೆಸರಿಟ್ಟ ಜಾಗ ತಗ್ಗಾಗಿರುತ್ತದೆ.

ಹಾಡುವವರನ್ನು ಕೇಳಿ: ಈಗ ಹಾಡಿದ್ದು ಏನು? "ಗ." ಅನುಮಾನವೇ ಇಲ್ಲ. ಓಲಾಟ ನಿಲ್ಲಿಸಿ ನೇರವಾಗಿ 300ರಲ್ಲಿ ಗಾಂಧಾರ ಹಿಡಿದು ತೋರಿಸಿದರೆ, "ಇದು ತೋಡಿ ಅಲ್ಲ" ಅನ್ನುತ್ತಾರೆ. ಓಲಾಟದ ಇಡೀ ಆಕಾರಕ್ಕೇ ಗ ಎಂದು ಹೆಸರು.

ಸುಬ್ಬರಾಮ ದೀಕ್ಷಿತರಿಗೆ ಇದು ಗೊತ್ತಿತ್ತು. 1904ರಲ್ಲಿ ತೆಲುಗು ಲಿಪಿಯಲ್ಲಿ ಅಚ್ಚಾದ ಅವರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ಸ್ವರಾಕ್ಷರಗಳ ತಲೆಯ ಮೇಲೆ ಗಮಕಗಳಿಗೆ ಬೇರೆ ಬೇರೆ ಗುರುತುಗಳಿವೆ. ಕಂಪಿತಕ್ಕೊಂದು, ಸ್ಫುರಿತಕ್ಕೊಂದು, ಹೀಗೆ. ಮುದ್ರಣಾಲಯದಲ್ಲಿ ಆ ಅಚ್ಚುಮೊಳೆಗಳನ್ನು ಜೋಡಿಸಿದವರ ತಾಳ್ಮೆಗೆ ಕೈ ಮುಗಿಯಬೇಕು.

ಬಾರ್ಸಿಲೋನಾದಲ್ಲಿ ಶಾವಿಯೇರ್ ಸೆರ್ರಾ ನೇತೃತ್ವದಲ್ಲಿ 2011ರಿಂದ 2017ರವರೆಗೆ ಕಾಂಪ್‌ಮ್ಯೂಸಿಕ್ ಎಂಬ ಯೋಜನೆ ನಡೆಯಿತು. ಗಣಕದಿಂದ ಸಂಗೀತ ವಿಶ್ಲೇಷಿಸುವ ಸಾಧನಗಳೆಲ್ಲ ಪಾಶ್ಚಾತ್ಯ ಜನಪ್ರಿಯ ಸಂಗೀತವನ್ನು ಮನಸ್ಸಿನಲ್ಲಿಟ್ಟು ಮಾಡಿದವು, ಬೇರೆ ಸಂಗೀತಗಳಿಗೆ ಅವುಗಳ ಒಳಗಿಂದಲೇ ಸಾಧನ ಕಟ್ಟಬೇಕು ಎಂಬುದು ಅವರ ನಿಲುವು. ಕರ್ನಾಟಕ, ಹಿಂದುಸ್ತಾನಿ, ತುರ್ಕಿಯ ಮಕಾಂ, ಅರಬ್-ಆಂದಲೂಸಿ, ಬೀಜಿಂಗಿನ ಒಪೆರಾ ಈ ಐದನ್ನು ತೆಗೆದುಕೊಂಡರು. ನಮ್ಮ ಸಂಗೀತದಲ್ಲಿ ಯಂತ್ರದ ಮೊದಲ ಕೆಲಸವೇ ಷಡ್ಜ ಹುಡುಕುವುದು. ಒಬ್ಬೊಬ್ಬ ಗಾಯಕರ ಆಧಾರಶ್ರುತಿ ಒಂದೊಂದು. ಅದು ತಿಳಿಯದೆ ಯಾವ ಅಳತೆಗೂ ಅರ್ಥವಿಲ್ಲ. ಯಂತ್ರ ಅದಕ್ಕೆ ನೆಚ್ಚಿಕೊಳ್ಳುವುದು ಹಿನ್ನೆಲೆಯಲ್ಲಿ ಬಿಡದೆ ಮೊರೆಯುವ ತಂಬೂರಿಯನ್ನು. ಗಾಯಕರೂ ಅದನ್ನೇ ನೆಚ್ಚಿದ್ದಾರೆ. ಯಂತ್ರ ಸರಿಯಾದ ಕಡೆಯಿಂದ ಕಲಿಯಲು ತೊಡಗಿದೆ ಎಂದು ಸಂತೋಷವಾಯಿತು.

*

ಸಿ.ವಿ. ರಾಮನ್ ಮತ್ತು ಮೃದಂಗ. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಸದ್ದು ಬರುತ್ತದೆ, ಸ್ವರ ಬರುವುದಿಲ್ಲ. ಮೃದಂಗವಾದರೋ ಶ್ರುತಿಗೆ ಕೂಡುತ್ತದೆ. ಯಾಕೆ? 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿಸ್ತಾರವಾಗಿ ಬರೆದರು. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ಬಾರಿಸಿ, ಮರಳು ಕೂಡುವ ಗೆರೆಗಳನ್ನು ನೋಡಿದರು. ನಡುವೆ ಮೆತ್ತಿದ ಕಪ್ಪು ಕರಣೆಯ ತೂಕದಿಂದ ಚರ್ಮದ ಮೊದಲ ಒಂಬತ್ತು ಕಂಪನರೂಪಗಳು ಐದೇ ಸ್ವರಗಳಲ್ಲಿ ಗುಂಪುಗೂಡುತ್ತವೆ, ಆ ಐದೂ ಪರಸ್ಪರ ಹೊಂದುವ ಉಪಸ್ವರಗಳು. ಮೃದಂಗ ಕಟ್ಟುವ ಕುಶಲಕರ್ಮಿಗಳು ಪದರದ ಮೇಲೆ ಪದರ ಕರಣೆ ತಿಕ್ಕುತ್ತಾ ಕಿವಿಯಲ್ಲಿ ಸಾಧಿಸಿದ್ದನ್ನು ಒಬ್ಬ ಭೌತವಿಜ್ಞಾನಿ ಪ್ರಯೋಗದಲ್ಲಿ ತೋರಿಸಿದರು.

ಆದರೆ ಈ ವಿಶ್ಲೇಷಣೆ ಒಂದು ಪೆಟ್ಟಿನದು. ಎರಡನೆಯ ಪೆಟ್ಟು ಯಾವಾಗ ಬೀಳಬೇಕು ಎಂಬುದಕ್ಕೆ ವಿದ್ವಾಂಸರಲ್ಲಿ ಬೇರೆಯದೇ ಶಾಸ್ತ್ರವಿದೆ, ಅದನ್ನು ಬಾಯಲ್ಲೇ ಹೇಳುತ್ತಾರೆ. ತದಿಗಿಣತೊಂ ಅಂದರೆ ಐದು. ಅದನ್ನು ಮೂರು ಸಲ ಹೇಳಿ ನಡುವೆ ಎರಡೆರಡು ಅಕ್ಷರದ ಕಾರ್ವೆ ಬಿಟ್ಟರೆ ಹತ್ತೊಂಬತ್ತು. ಚತುರಶ್ರ ನಡೆಯಲ್ಲಿ ಆದಿತಾಳದ ಆವರ್ತಕ್ಕೆ ಮೂವತ್ತೆರಡು. ಸಮಕ್ಕೆ ಬಂದು ಬೀಳಬೇಕಾದರೆ ಹದಿಮೂರು ಕಳೆದ ಮೇಲೆ ಎತ್ತಿಕೊಳ್ಳಬೇಕು. ಹತ್ತು ವರ್ಷದ ಹುಡುಗಿ ತೊಡೆ ತಟ್ಟುತ್ತಾ ಈ ಲೆಕ್ಕ ಒಪ್ಪಿಸುತ್ತಾಳೆ. ಸೊಲ್ಲು ಹಾಡೂ ಹೌದು, ಆ ಹಾಡಿನ ವಿಶ್ಲೇಷಣೆಯೂ ಹೌದು. ಇಷ್ಟು ಹತ್ತಿರದಲ್ಲಿ ಅವೆರಡೂ ಇರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

*

ಜನಪದ ಹಾಡುಗಳ ಸಂಗ್ರಾಹಕ ಲೊಮ್ಯಾಕ್ಸ್: ಜಗತ್ತಿನ ಹಾಡುಗಳನ್ನೆಲ್ಲ 37 ಲಕ್ಷಣಗಳಲ್ಲಿ ಅಂಕ ಹಾಕಿ ಹೋಲಿಸಲು ಹೊರಟ, ಒಂದೊಂದು ಸಮುದಾಯಕ್ಕೆ ಸುಮಾರು ಹತ್ತು ಹಾಡು ಇಟ್ಟುಕೊಂಡು. ದೊಡ್ಡ ಆಸೆ. ಹತ್ತು ಹಾಡುಗಳಲ್ಲಿ ಕನ್ನಡವನ್ನು ಹೇಳುವುದಾದರೆ ಯಾವ ಹತ್ತು?

*

ಸೀಮ್ಹಾ ಅರೋಮ್. ಇವರ ಬಗ್ಗೆ ಹೆಚ್ಚು ಬರೆದುಕೊಳ್ಳಬೇಕು.

ಇಸ್ರೇಲಿನ ಕೊಂಬುವಾದಕ. 1960ರ ದಶಕದಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ವಾದ್ಯವೃಂದ ಕಟ್ಟಲು ಹೋದವರು ಅಲ್ಲಿಯ ಸಂಗೀತ ಕೇಳಿ ತಮ್ಮ ಬದುಕಿನ ದಾರಿಯನ್ನೇ ಬದಲಿಸಿಕೊಂಡರು. ಬಂಡಾ-ಲಿಂಡಾ ಜನರ ಕೊಂಬಿನ ಮೇಳದಲ್ಲಿ ಹತ್ತಾರು ಕೊಂಬುಗಳು, ಒಂದೊಂದು ಕೊಂಬಿಗೆ ಒಂದೇ ಸ್ವರ. ಎಲ್ಲರೂ ತಮ್ಮ ತಮ್ಮ ಕ್ಷಣದಲ್ಲಿ ಊದಿದಾಗ ಅದು ಹೆಣೆದುಕೊಂಡ ಸಂಗೀತ. ಅಕಾ ಪಿಗ್ಮಿಗಳ ಗುಂಪುಗಾಯನದಲ್ಲಿ ಹಲವು ರಾಗರೇಖೆಗಳು ಒಂದರೊಳಗೊಂದು ಹೊಕ್ಕು ಹೊರಡುತ್ತವೆ. ಒಟ್ಟು ಮುದ್ರಣ ಕೇಳಿ ಯಾರು ಏನು ಹಾಡಿದರು ಎಂದು ಬರೆಯುವುದು ಆಗದ ಮಾತು. ಒಬ್ಬೊಬ್ಬರನ್ನೇ ಕರೆದು ಹಾಡಿಸೋಣವೆಂದರೆ, ಒಬ್ಬರೇ ಹಾಡುವುದು ಅವರಿಗೆ ಅರ್ಥವಿಲ್ಲದ ಕೆಲಸ.

1970ರ ದಶಕದಲ್ಲಿ ಅರೋಮ್ ಒಂದು ದಾರಿ ಕಂಡುಕೊಂಡರು. ಮೊದಲು ಇಡೀ ಮೇಳವನ್ನು ಮುದ್ರಿಸಿದರು. ಆಮೇಲೆ ಒಬ್ಬ ವಾದಕನ ಕಿವಿಗೆ ಆ ಮುದ್ರಣ ಕೇಳಿಸುತ್ತಾ ಅವನ ಪಾಲನ್ನು ಮಾತ್ರ ನುಡಿಸಲು ಹೇಳಿ ಮುದ್ರಿಸಿದರು. ಎರಡನೆಯವನಿಗೆ ಮೊದಲನೆಯವನ ಪಾಲು ಕೇಳಿಸಿದರು. ಹೀಗೆ ಒಬ್ಬರ ಮೇಲೊಬ್ಬರನ್ನು ಪೇರಿಸಿ ಇಡೀ ಮೇಳವನ್ನು ಮತ್ತೆ ಕಟ್ಟಿದರು. ಕೊನೆಗೆ ಅದನ್ನು ಊರವರಿಗೆ ಕೇಳಿಸಿದರು. ಹೌದು, ಇದು ನಮ್ಮ ಹಾಡು ಎಂದು ಅವರು ಒಪ್ಪಿದರೆ ಮಾತ್ರ ವಿಶ್ಲೇಷಣೆ ಗೆದ್ದಂತೆ. ಮೇಲಿನ ಅಲಂಕಾರಗಳನ್ನೆಲ್ಲ ತೆಗೆದು ಕನಿಷ್ಠ ರೂಪವನ್ನು ನುಡಿಸಿ ತೋರಿಸಿ ಎಂದೂ ಕೇಳಿದರು. ನುಡಿಸಿದರು. ಬರೆದಿಡದ, ಹೆಸರಿಸದ ಆ ಮೂಲರೂಪ ಎಲ್ಲರ ತಲೆಯಲ್ಲೂ ಒಂದೇ ಆಗಿತ್ತು.

1989ರಲ್ಲಿ ಅರೋಮ್ ಮತ್ತು ವ್ವಾಝಾನ್ ಅಲ್ಲಿಯ ಮರದ ಪಟ್ಟಿವಾದ್ಯದ ಶ್ರುತಿ ತಿಳಿಯಲು ಯಮಾಹಾ ಡಿಎಕ್ಸ್7 ಎಂಬ ವಿದ್ಯುನ್ಮಾನ ಕೀಲಿವಾದ್ಯ ಒಯ್ದರು. ಕೀಲಿಗಳ ಮೇಲೆ ಮರದ ಪಟ್ಟಿಗಳನ್ನು ಕೂರಿಸಿದರು. ಊರಿನ ವಾದಕರು ತಮ್ಮ ಕೋಲುಗಳಿಂದಲೇ ಅದನ್ನು ಬಾರಿಸಬಹುದಿತ್ತು. ಒಂದೊಂದು ಶ್ರುತಿಕ್ರಮ ಕೊಟ್ಟು ನುಡಿಸಲು ಬಿಟ್ಟರು. ಬೇಡವಾದರೆ ಬೇಡ ಅನ್ನಲಿ, ಬೇಕಾದಂತೆ ತಿದ್ದಿಸಿಕೊಳ್ಳಲಿ. ಇದು ದೇವಲರ ಶ್ರುತಿಗೂ ಬಾಲಿಯ ಓಂಬಾಕಿಗೂ ಸೇರಿದ ಪ್ರಶ್ನೆಯೇ, ಕೇಳುವ ದಿಕ್ಕು ಮಾತ್ರ ತಿರುಗಿದೆ. ನಿಮ್ಮ ಸ್ವರ ಎಷ್ಟು ಎಂದು ಕೇಳಲಿಲ್ಲ. ಇದು ನಿಮ್ಮದೇ ಎಂದು ಕೇಳಿದರು. ಭರತನ ವೀಣೆಗಳೂ ಹಾಗೆಯೇ ಕೆಲಸ ಮಾಡಿದವು: ಒಂದನ್ನು ಬದಲಿಸು, ಇನ್ನೊಂದನ್ನು ಹಾಗೇ ಇಡು, ಕಿವಿ ಹೇಳಲಿ.

*

ಯಕ್ಷಗಾನ ಪ್ರಸಂಗದ ಪುಸ್ತಕದಲ್ಲಿ ಪ್ರತಿ ಪದದ ತಲೆಯ ಮೇಲೆ ರಾಗ, ತಾಳ ಅಚ್ಚಾಗಿರುತ್ತದೆ. ಭಾಗವತರು ಹಾಡುವುದು ಯಾವಾಗಲೂ ಅದೇ ರಾಗ ಆಗಬೇಕೆಂದಿಲ್ಲ. ಅದೇ ಹೆಸರಿನ ರಾಗವಾದರೂ ಕಚೇರಿಯ ರೂಪ ಬೇರೆ, ರಂಗಸ್ಥಳದ ರೂಪ ಬೇರೆ. ಕಚೇರಿಯ ರಾಗಲಕ್ಷಣ ಹಿಡಿದು ಬಂದವರಿಗೆ ಇದು ಸಡಿಲ ಅನ್ನಿಸಿ, ತಿದ್ದಲು ಹೊರಟದ್ದೂ ಉಂಟು. ಶಿವರಾಮ ಕಾರಂತರು ಯಕ್ಷಗಾನದ ರಾಗಗಳಿಗೆ ಅವುಗಳದೇ ಪರಂಪರೆಯಿದೆ ಎಂದು ಎದೆ ತಟ್ಟಿ ವಾದಿಸಿದ್ದು ನೆನಪಾಗುತ್ತದೆ. ಬಿಡ್ತಿಗೆ, ಮುಕ್ತಾಯ ಎಂದು ಚಂಡೆ-ಮದ್ದಳೆಯವರು ಹೇಳುವುದರಲ್ಲಿ ಒಂದು ಪೂರ್ಣ ತಾಳಶಾಸ್ತ್ರ ಅಡಗಿದೆ. ಅದನ್ನು ಆ ಮಾತುಗಳಲ್ಲೇ ಬರೆಯಬೇಕು.

ಅರೋಮರ ಕ್ರಮ ಇಲ್ಲಿ ಎಷ್ಟು ಚೆನ್ನಾಗಿ ಒಗ್ಗೀತು! ಒಂದೇ ಪದವನ್ನು ಒಬ್ಬ ಹಿರಿಯ ಭಾಗವತರಿಂದ ವೀರಕ್ಕೆ ಒಮ್ಮೆ, ಶೋಕಕ್ಕೆ ಒಮ್ಮೆ ಹಾಡಿಸಿ, ಏನು ಬದಲಿಸಿದಿರಿ, ಏನು ಬದಲಿಸಲಾಗದು ಎಂದು ಕೇಳಬೇಕು.

*

ತ್ರಿಪದಿ.

ಛಂದಸ್ಸಿನವರು ಅದನ್ನು ಬಹಳ ಚೆನ್ನಾಗಿ ಬಿಡಿಸಿದ್ದಾರೆ. ಮೂರು ಸಾಲು, ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಹಿಡಿದು ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳವರೆಗೆ ಅದೇ ಅಚ್ಚು. ಆದರೆ ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಹೇಳುತ್ತಾರೆ. ಕಾಗದದ ಮೇಲೆ ಮೂರು, ಬಾಯಲ್ಲಿ ನಾಲ್ಕು. ಈ ಅಂಶಗಣ ಎಂಬುದೇ ಎಳೆದು ಹಾಡುವ ದನಿಗೆ ಹುಟ್ಟಿದ್ದು. ಅಕ್ಷರ ಎಣಿಸುವವರಿಗೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಹಾಗಿದ್ದೂ ನಮ್ಮ ಜನಪದ ಗೀತೆಗಳ ಸಂಗ್ರಹಗಳಲ್ಲಿ ಬಹುಪಾಲು ಮಾತನ್ನು ಉಳಿಸಿವೆ, ಮಟ್ಟನ್ನಲ್ಲ. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದಾಗ ಮಾತು ಉಳಿದದ್ದೇ ನಮ್ಮ ಭಾಗ್ಯ. ಅವರ ಋಣ ತೀರದು.

ಅದಕ್ಕೂ ಮೊದಲೇ ಹಂಗೆರಿಯಲ್ಲಿ ಸಂಗೀತ ರಚನಕಾರ ಬಾರ್ಟೋಕ್ ಏನು ಮಾಡಿದ ನೋಡಿ. 1906ರಿಂದಲೇ ಕೊಡಾಯ್ ಜೊತೆ ಹಳ್ಳಿಹಳ್ಳಿಗೆ ಮೇಣದ ಉರುಳೆಯ ಫೋನೋಗ್ರಾಫ್ ಹೊತ್ತು ತಿರುಗಿದ. ಮಟ್ಟುಗಳನ್ನೆಲ್ಲ ಒಂದೇ ಕೊನೆಸ್ವರಕ್ಕೆ ತಂದು ಬರೆದು, ಪ್ರತಿ ಸಾಲು ಯಾವ ಸ್ವರದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಜೋಡಿಸಿದ. ಇದರಿಂದ ಮಾತು ಬೇರೆಬೇರೆಯಾದರೂ ಮಟ್ಟಿನ ನಂಟು ಇರುವ ಹಾಡುಗಳು ಅಕ್ಕಪಕ್ಕ ಬಂದವು. ನಮ್ಮ ತ್ರಿಪದಿಗೆ ಇದನ್ನು ಹಚ್ಚಿದರೆ ಮೊದಲು ಏಳುವ ಪ್ರಶ್ನೆ: ಎರಡನೆಯ ಸಾಲು ಎರಡೂ ಸಲ ಒಂದೇ ಸ್ವರದಲ್ಲಿ ನಿಲ್ಲುತ್ತದೆಯೇ? ಎರಡನೆಯ ಸಲ ಮಟ್ಟು ತಿರುಗುತ್ತದೆಯೇ? ತಿರುಗುವುದಾದರೆ ಆ ಮರುಸಾಲು ಮಟ್ಟಿನ ನಡುಗಂಬ. ಛಂದಸ್ಸಿನ ಪುಸ್ತಕದಲ್ಲಿ ಅದಕ್ಕೆ ಜಾಗವೇ ಇಲ್ಲ.

ಇನ್ನೊಂದು. ಬೀಸುವ ಪದಕ್ಕೆ ತಾಳ ಹಾಕುವುದು ಕಲ್ಲಿನ ಸುತ್ತು. ಸಮಾರಂಭಗಳಲ್ಲಿ ಮೈಕಿನ ಮುಂದೆ ಕೂರಿಸಿ ಹಾಡಿಸಿದಾಗ ಕಲ್ಲು ಇರುವುದಿಲ್ಲ. ಕಲ್ಲಿಲ್ಲದೆ ಒಮ್ಮೆ, ಜೋಳ ಹಾಕಿ ಬೀಸುತ್ತಾ ಒಮ್ಮೆ, ಅದೇ ಅಜ್ಜಿಯಿಂದ ಅದೇ ಪದ ಹಾಡಿಸಿ ಎರಡನ್ನೂ ಮುದ್ರಿಸಬೇಕು. ಒಂದು ಸುತ್ತಿಗೆ ಎಷ್ಟು ಗಣ, ಸುತ್ತು ಎಲ್ಲಿ ಭಾರವಾಗುತ್ತದೆ, ಉಸಿರು ಎಲ್ಲಿ ಬೀಳುತ್ತದೆ ಎಂದು ಗುರುತು ಮಾಡಿಕೊಳ್ಳಬೇಕು. ಜೊತೆಗೆ ಕೂತು ಹಿಡಿ ಹಿಡಿದು ದನಿಗೂಡಿಸುವವರನ್ನೂ ಬೇರೆಯಾಗಿ ಮುದ್ರಿಸಬೇಕು. ಆಮೇಲೆ ಎರಡನ್ನೂ ಅವರಿಗೇ ಕೇಳಿಸಿ, "ಯಾವುದು ಸರಿ ಅದ, ಆಯಿ?" ಎಂದು ಕೇಳಬೇಕು. ವಿಜಯಪುರ, ಬಾಗಲಕೋಟೆಯ ಕಡೆ ಕಲ್ಲಿನ ಮುಂದೆ ಕೂತು ಹಾಡಿ ಗೊತ್ತಿರುವವರಿಗೆ ಈಗ ಎಪ್ಪತ್ತು, ಎಂಬತ್ತರ ವಯಸ್ಸು. ಮುಂದಿನ ಸುಗ್ಗಿಯೊಳಗೆ ಹೋಗಬೇಕು.